ಜೇಬಿನಲ್ಲಿ ಪರಿಷೆ

ಇವತ್ತು ಬೆಳಿಗ್ಗೆ ನಮ್ಮ ವಾಷಿಂಗ್ ಮೆಷಿನ್ ಗುಡುಗುಡು ಅಂದು, ದೇವರು ಬಂದವರ ಹಾಗೆ ಒಂದು ಸಲ ಮೈ ಕೊಡವಿ, ಹೊಟ್ಟೆ ತುಂಬ ನೀರು ಇಟ್ಟುಕೊಂಡೇ ನಿಂತುಬಿಟ್ಟಿತು. ಒಳಗೆ ಎರಡು ಬೆಡ್‌ಶೀಟು, ನಾಲ್ಕು ಟವೆಲು, ಇವರ ಪ್ಯಾಂಟು. ರಿಪೇರಿಯವನು ಬಂದಾಗ ಹನ್ನೊಂದೂವರೆ. ಕೆಳಗಿನ ಮುಚ್ಚಳ ತೆಗೆದು ಫಿಲ್ಟರ್ ಎಳೆದ. ಕರಿ ನೀರಿನ ಜೊತೆ ಒಂದು ಹಿಡಿ ಕಡಲೆಕಾಯಿ ಸಿಪ್ಪೆ ನೆಲಕ್ಕೆ ಬಿತ್ತು. ಅದರ ಹಿಂದೆಯೇ, ನೆನೆದು ಉಬ್ಬಿದ ಒಂದು ಇಡೀ ಕಾಯಿ.

"ಪರಿಷೆಗೆ ಹೋಗಿದ್ರಾ ಮೇಡಂ?" ಅಂದ, ತಲೆ ಎತ್ತದೆ. "ಈ ವಾರ ಇದು ಮೂರನೇ ಮನೆ."

650 ರೂಪಾಯಿ. ಆ ದುಡ್ಡಿಗೆ ಎಷ್ಟು ಸೇರು ಕಡಲೆಕಾಯಿ ಬರುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆ, ನಮ್ಮವರು ಬಾಗಿಲಲ್ಲಿ ನಿಂತು, "ಮತ್ತೆ ಸಿಪ್ಪೆ ರಸ್ತೆಗೆ ಎಸೀಬೇಕಿತ್ತಾ? ಸಿವಿಕ್ ಸೆನ್ಸ್ ಬೇಡ್ವಾ?" ಎಂದರು.

ಈ ಸಿವಿಕ್ ಸೆನ್ಸಿನ ಕತೆ ಸ್ವಲ್ಪ ಹೇಳಲೇಬೇಕು.

ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗದಿದ್ದರೆ ಇವರಿಗೆ ವರ್ಷ ಮುಗಿಯುವುದಿಲ್ಲ. ಹೋಗಲಿ, ಬೇಡ ಅಂದವರು ಯಾರು? ಆದರೆ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿ ಗುಡ್ಡೆ ಹಾಕಿಕೊಂಡು ಕೂತಿರುತ್ತಾರಲ್ಲ, ಪ್ರತಿ ಗುಡ್ಡೆಯ ಮುಂದೆಯೂ ಇವರು ನಿಲ್ಲಬೇಕು. ಮೊದಲು ಕೈ ಹಿಂದೆ ಕಟ್ಟಿಕೊಂಡು, ಸೈಟು ನೋಡಲು ಬಂದವರ ಹಾಗೆ ಗುಡ್ಡೆಯನ್ನು ಆ ತುದಿಯಿಂದ ಈ ತುದಿಗೆ ನೋಡುತ್ತಾರೆ. ಆಮೇಲೆ ಎರಡು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಏನು ಹೇಳುತ್ತದೋ ಇವರಿಗೇ ಗೊತ್ತು. ಹೆಬ್ಬೆರಳಲ್ಲಿ ಪಟ್ಟೆಂದು ಒಡೆದು, ಬೀಜ ಬಾಯಿಗೆ, ಸಿಪ್ಪೆ ಜೇಬಿಗೆ. ಕಣ್ಣು ಮುಚ್ಚಿ ಅಗಿಯುತ್ತಾರೆ. ಮಾರುವಾಕೆ ಸೇರನ್ನು ಗುಡ್ಡೆಗೆ ಚುಚ್ಚಿ ಹಿಡಿದು ಕಾಯುತ್ತಿರುತ್ತಾಳೆ. ಆಗ ತೀರ್ಪು ಬರುತ್ತದೆ:

"ಹೋದ ವರ್ಷದ್ದು ಚೆನ್ನಾಗಿತ್ತು."

ಮುಂದಿನ ಗುಡ್ಡೆ. ಚಿಂತಾಮಣಿಯಿಂದ ಬಂದವರಿಗೂ ಇದೇ ಮಾತು, ಮಾಗಡಿಯಿಂದ ಬಂದವರಿಗೂ ಇದೇ ಮಾತು. ಹಸಿಯದಾಗಲಿ, ಬೇಯಿಸಿದ್ದಾಗಲಿ, ಹುರಿದದ್ದಾಗಲಿ, ಯಾವುದಕ್ಕೂ ಪಾಸು ಮಾರ್ಕು ಇಲ್ಲ. ಈ ಸಲ ಒಬ್ಬ ಅಜ್ಜಿ ಮಾತ್ರ ಬಿಡಲಿಲ್ಲ. "ಹೋದ ವರ್ಷ ನಾನು ಬಂದೇ ಇರ್ಲಿಲ್ಲ, ಯಾರದ್ದು ತಿಂದ್ಯಪ್ಪಾ?" ಎಂದು ಕೇಳಿ ನನ್ನ ಹೊಟ್ಟೆ ತಣ್ಣಗೆ ಮಾಡಿದಳು. ಇವರು ನಕ್ಕು ಇನ್ನೆರಡು ಎತ್ತಿಕೊಂಡರು.

ಪ್ಲಾಸ್ಟಿಕ್ ಬೇಡ, ಕೈಚೀಲ ತನ್ನಿ ಎಂದು ಈಚೀಚೆಗೆ ಪರಿಷೆಯಲ್ಲಿ ಹೇಳುತ್ತಾರೆ. ಇವರು ಎರಡು ಕೈಚೀಲ ಒಯ್ದು ಎರಡನ್ನೂ ಖಾಲಿ ವಾಪಸು ತಂದರು. ತುಂಬಿದ್ದು ಹೊಟ್ಟೆ ಮತ್ತು ಜೇಬು. ಕೊನೆಗೆ ನಾನೇ ನಾಚಿಕೆಗೆ ಆ ಅಜ್ಜಿಯ ಹತ್ತಿರ ಎರಡು ಸೇರು ಕೊಂಡೆ.

ಯೋಚಿಸಿದರೆ ಈ ಪರಿಷೆ ಶುರುವಾದದ್ದೂ ಪುಕ್ಕಟೆ ತಿಂದವನಿಂದಲೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರೋರಾತ್ರಿ ಒಂದು ಬಸವ ಬಂದು ಮೇಯುತ್ತಿದ್ದನಂತೆ. ಅಟ್ಟಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿದ್ದನಂತೆ. ಅವನಿಗೆ ಕೆಂಪೇಗೌಡರು ಗುಡಿ ಕಟ್ಟಿಸಿದರು, ರೈತರು ವರ್ಷದ ಮೊದಲ ಬೆಳೆ ತಂದು ಒಪ್ಪಿಸಿದರು. ಆ ಲೆಕ್ಕದಲ್ಲಿ ನಮ್ಮ ಮನೆಯವರಿಗೂ ಒಂದು ಸಣ್ಣ ಮಂಟಪವಾದರೂ ಆಗಬೇಕು. ಕಲ್ಲಾಗಿ ಕೂರುವ ಅಭ್ಯಾಸ ಇವರಿಗೂ ಇದೆ, ಬಟ್ಟೆ ಒಣಗಿಹಾಕಿ ಅಂದಾಗ.

ಹಬ್ಬ ನೋಡಲು ನಾವು ಹೋದಲ್ಲೆಲ್ಲ ಹೀಗೇ. ನೋಡುವುದು ಇಬ್ಬರೂ, ಒಗೆಯುವುದು ನಾನು.

ದೀಪಾವಳಿ ಮುಗಿಯುವ ಹೊತ್ತಿಗೆ ಗುಮಟಾಪುರದಲ್ಲಿ ಗೊರೆ ಹಬ್ಬ. ಚಾಮರಾಜನಗರದ ಗಡಿ ದಾಟಿದರೆ ತಾಳವಾಡಿ ಸೀಮೆ. ನೆಲ ತಮಿಳುನಾಡಿನದು, ಮಾತು ಕನ್ನಡ. ದನ ಸಾಕಿದ ಮನೆಗಳಿಂದ ಸಗಣಿಯನ್ನು ಟ್ರ್ಯಾಕ್ಟರಿನಲ್ಲಿ ಬೀರೇಶ್ವರನ ಗುಡಿಯ ಹತ್ತಿರ ಸುರಿದು, ಪೂಜೆ ಮಾಡಿ, ಗಂಡಸರು ಅದರಲ್ಲಿ ಇಳಿದು ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ನಾವು ದೂರದಲ್ಲೇ ನಿಂತಿದ್ದೆವು. ಇವರು ಪಕ್ಕದವರಿಗೆ "ಹೋದ ವರ್ಷ..." ಎಂದು ಶುರುಮಾಡಿದ್ದರಷ್ಟೆ. ಗುರಿ ತಪ್ಪಿದ ಒಂದು ಉಂಡೆ ಸೀದಾ ಬಂದು ಶರ್ಟಿನ ಜೇಬಿನಲ್ಲಿ ಕೂತಿತು, ಯಾರೋ ಮುಯ್ಯಿ ಹಾಕಿದ ಹಾಗೆ. ಜೇಬಿನಲ್ಲಿ ಕನ್ನಡಕ ಬೇರೆ. ಮೈಗೆ ಒಳ್ಳೆಯದು ಎಂದು ಊರಿನವರು ಸಮಾಧಾನ ಮಾಡಿದರು. ಶರ್ಟಿಗೆ ಒಳ್ಳೆಯದಾಗಲಿಲ್ಲ.

ಕೊಡಗಿನ ದೇವರಪುರದ ಕುಂಡೆ ಹಬ್ಬದಿಂದ ಮಾತ್ರ ಒಗೆಯುವಂಥದ್ದು ಏನೂ ಬರಲಿಲ್ಲ. ಅಲ್ಲಿ ಎಸೆಯುವುದು ಬೈಗುಳ. ಬೇಟೆಗೆಂದು ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಗೆ ಮನಸೋತು ಅಲ್ಲಿಯ ಬುಡಕಟ್ಟಿನವರನ್ನು ಕಾಡಿನಲ್ಲೇ ಬಿಟ್ಟುಹೋದನಂತೆ. ಅದಕ್ಕೇ ಮೇ ತಿಂಗಳ ಆ ಒಂದು ದಿನ ಜೇನು ಕುರುಬರು, ಯರವರು ದೇವರನ್ನೇ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ದೇವರನ್ನೇ ಬಿಡದವರು ದಾರಿಹೋಕರನ್ನು ಬಿಟ್ಟಾರೆಯೇ? ಸೀರೆ ಉಟ್ಟ, ರವಿಕೆ ತೊಟ್ಟ ಗಂಡಸರು ಸೋರೆ ಬುರುಡೆ ಬಡಿಯುತ್ತಾ ನಮ್ಮ ಕಾರು ಅಡ್ಡಗಟ್ಟಿದರು. ಇವರ ಕಿಟಕಿಯ ಕಡೆಯೇ ನಿಂತು ಶುರುಮಾಡಿದರು ನೋಡಿ! ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ನಾಲಿಗೆಯ ತುದಿಗೆ ತಂದು ನುಂಗಿಕೊಂಡದ್ದನ್ನೆಲ್ಲ ಅವರು ಎರಡು ನಿಮಿಷದಲ್ಲಿ, ತಾಳ ಸಮೇತ ಹೇಳಿದರು. ಇವರು 20 ರೂಪಾಯಿ ಕೊಟ್ಟು ಗಾಜು ಏರಿಸಲು ನೋಡಿದರು. ನಾನು ಈ ಕಡೆಯಿಂದ ಇನ್ನೊಂದು 50 ಕೊಟ್ಟು, "ಇನ್ನೊಂದು ಸುತ್ತು ಆಗ್ಲಿ" ಅಂದೆ.

ಇನ್ನು ಸ್ಪೇನಿನ ಟೊಮೆಟೊ ಎರಚಾಟದ ಹಬ್ಬ. ಮಗಳು ವೆಲೆನ್ಸಿಯಾದಲ್ಲಿ ಓದುತ್ತಿದ್ದಳು, 2023ರಲ್ಲಿ ಹೋಗಿದ್ದೆವು. ಆ ಜುಲೈ ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಟೊಮೆಟೊ ಕೆಜಿಗೆ 100 ದಾಟಿತ್ತು. ನಾನು ಬರೀ ಹುಣಸೆಹಣ್ಣಿನಲ್ಲೇ ಸಾರು ಮಾಡಿ ಮಾಡಿ, ಆಗಸ್ಟಿನ ಕೊನೆಯ ಬುಧವಾರ ಬುನ್ಯೋಲ್ ಎಂಬ ಆ ಪುಟ್ಟ ಊರಿನ ಓಣಿಯಲ್ಲಿ ನಿಂತಿದ್ದೇನೆ. ಗೋಡೆಗಳಿಗೆಲ್ಲ ಟಾರ್ಪಾಲು ಕಟ್ಟಿದ್ದಾರೆ. ಲಾರಿಗಳು ಬಂದು ನೂರು ಟನ್ನಿಗೂ ಹೆಚ್ಚು ಹಣ್ಣನ್ನು ಜನರ ಮೇಲೆ ಸುರಿಯುತ್ತಿವೆ! 1945ರಲ್ಲಿ ಹುಡುಗರ ಜಗಳದಿಂದ ಶುರುವಾದದ್ದು. ನಡುವೆ ನಿಷೇಧ ಬಿದ್ದಾಗ ಊರಿನವರು 1957ರಲ್ಲಿ ಶವಪೆಟ್ಟಿಗೆಯಲ್ಲಿ ದೊಡ್ಡ ಟೊಮೆಟೊ ಇಟ್ಟು, ಬ್ಯಾಂಡ್ ಬಾರಿಸಿಕೊಂಡು ಶವಯಾತ್ರೆ ಮಾಡಿದ್ದರು. ನನಗೂ ಅಳು ಬಂದಿತ್ತು, ಕಾರಣ ಬೇರೆ.

ಎಸೆಯುವ ಮೊದಲು ಹಣ್ಣನ್ನು ಹಿಸುಕಬೇಕು, ಪೆಟ್ಟಾಗಬಾರದು ಎಂಬುದು ಅಲ್ಲಿಯ ನಿಯಮ. ನನ್ನ ಕೈಗೆ ಸಿಕ್ಕಿದ್ದು ಗಟ್ಟಿ ಹಣ್ಣು, ಗೊಜ್ಜಿಗೆ ಹೇಳಿ ಮಾಡಿಸಿದಂಥದ್ದು. ಹಿಸುಕಲು ಬೆರಳೇ ಏಳಲಿಲ್ಲ. ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಎದುರಿನ ಹುಡುಗಿಯೊಬ್ಬಳು ಅಯ್ಯೋ ಪಾಪ ಎಂಬ ಹಾಗೆ ನೋಡಿ, ನನ್ನ ಕೈಯಿಂದ ತೆಗೆದುಕೊಂಡು, ತಾನೇ ಹಿಸುಕಿ, ನನ್ನ ತಲೆಯ ಮೇಲೇ ಒತ್ತಿದಳು. ಪಕ್ಕದಲ್ಲಿ ಇವರು, ಕಿವಿಯಿಂದ ಬೀಜ ತೆಗೆಯುತ್ತಾ: "2013ಕ್ಕೆ ಮುಂಚೆ ಬರಬೇಕಿತ್ತು ಕಣೇ. ಆಗ ಟಿಕೆಟ್ಟೇ ಇರಲಿಲ್ಲ, ನಲವತ್ತೈವತ್ತು ಸಾವಿರ ಜನ. ಈಗ ಬರೀ ಇಪ್ಪತ್ತು ಸಾವಿರ."

ಒಂದು ಗಂಟೆಯಲ್ಲಿ ಪಟಾಕಿ ಸದ್ದು, ಆಟ ಬಂದ್. ನೀರು ಹೊಡೆದರೆ ಬೀದಿ ಕನ್ನಡಿಯ ಹಾಗೆ. ಟೊಮೆಟೊ ಹುಳಿಗೆ ಕಲ್ಲು ಬೆಳಗುತ್ತದಂತೆ. ಬೆಳಗದೇ ಉಳಿದದ್ದು ಇವರ ಬಿಳಿ ಟೀಶರ್ಟು. ಮಗಳ ಬಚ್ಚಲಲ್ಲಿ ಇವರ ಪ್ಯಾಂಟಿನ ಜೇಬು ತಿರುವಿದೆ, ಒಂದು ಹೊತ್ತಿನ ಸಾರಿಗಾಗುವಷ್ಟು ತಿರುಳು.

ಅಲ್ಲಿ ತಿರುವಿದ ಜೇಬನ್ನು ಇಲ್ಲಿ ಯಾಕೆ ತಿರುವಲಿಲ್ಲವೋ! ಅಮ್ಮ ಜೇಬು ನೋಡದೆ ಒಂದು ಬಟ್ಟೆಯನ್ನೂ ನೆನೆಹಾಕಿದವಳಲ್ಲ. ಅಪ್ಪನೂ ಪರಿಷೆಯಿಂದ ಬಂದರೆ ಜೇಬು ತುಂಬ ಸಿಪ್ಪೆಯೇ. ನಾನು ಅವರ ಹೆಗಲ ಮೇಲೆ ಕೂತು ತಿಂದದ್ದರ ಸಿಪ್ಪೆಯೂ ಅದರಲ್ಲೇ. ಮೇಲಿನಿಂದ ಕೈ ಇಳಿಸಿದರೆ ಕೋಟಿನ ಜೇಬು ಸರಿಯಾಗಿ ಸಿಗುತ್ತಿತ್ತು. ಅಮ್ಮ ಅದನ್ನು ಗೊಣಗುತ್ತಾ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ಅಪ್ಪ ಹೋದ ಮೇಲೆ ಟ್ರಂಕಿನಲ್ಲಿದ್ದ ಆ ಕೋಟಿನಲ್ಲಿ ಎರಡು ಸಿಪ್ಪೆ ಸಿಕ್ಕಿದವು. ನೋಡಿದಳು, ಹಾಗೇ ಒಳಗಿಟ್ಟು ಮಡಚಿದಳು.

"ಮೇಡಂ, ಒಂದ್ಸಲ ಆನ್ ಮಾಡಿ" ಅಂದ ಹುಡುಗ. ಮೆಷಿನ್ ಗುರ್ ಎಂದಿತು. ಕೈ ಒರೆಸಿಕೊಳ್ಳುತ್ತಾ ಎದ್ದವನ ಮುಂದೆ, ಬೈಸಿಕೊಂಡದ್ದು ಮರೆತವರ ಹಾಗೆ, ಇವರು ಅಜ್ಜಿಯ ಕಡಲೆಕಾಯಿ ತಟ್ಟೆಯಲ್ಲಿ ಹಾಕಿ ಹಿಡಿದರು. ಅವನು ಒಂದನ್ನು ಎತ್ತಿದ. ಕಿವಿಯ ಹತ್ತಿರ ಅಲ್ಲಾಡಿಸಿದ. ಒಡೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಚೆನ್ನಾಗಿದೆ ಸಾರ್. ಆದ್ರೆ ಹೋದ ವರ್ಷದ್ದು ಇನ್ನೂ ಚೆನ್ನಾಗಿತ್ತು."

ಇವರು ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸುವುದಿಲ್ಲ. ನನ್ನ ಕಣ್ಣೆಲ್ಲ ಆ ಹುಡುಗನ ಕೈಯ ಮೇಲಿತ್ತು. ಸಿಪ್ಪೆಯನ್ನು ಎಲ್ಲಿ ಹಾಕಲಿ ಎಂದು ಆ ಕಡೆ ಈ ಕಡೆ ನೋಡಿದ. ಆಮೇಲೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡ.