ಎಷ್ಟು ಹೆಂಗಸರು ಬಂದಿದ್ದರು ಅನ್ನೋ ಲೆಕ್ಕ ಸಾಕು

ಅಂತರರಾಷ್ಟ್ರೀಯ ನೆರವಿನಲ್ಲಿ ನಡೆಯುವ ಅಭಿವೃದ್ಧಿ ಯೋಜನೆಗಳ ವರದಿ ತೆಗೆದು ನೋಡಿ. ತರಬೇತಿಗೆ ಬಂದವರಲ್ಲಿ ಇಷ್ಟು ಜನ ಮಹಿಳೆಯರು ಅನ್ನುವ ಸಾಲು ಇದ್ದೇ ಇರುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರು, ಸರಿ. ಬಂದವರ ಕೈಗೆ ಏನು ಸಿಕ್ಕಿತು? ಜಮೀನು ಸಿಕ್ಕಿತಾ, ದುಡ್ಡು ಸಿಕ್ಕಿತಾ, ದಿನಕ್ಕೆ ಒಂದು ಗಂಟೆ ಬಿಡುವಾದರೂ ಸಿಕ್ಕಿತಾ? ಬಹಳಷ್ಟು ವರದಿಗಳು ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ, ಆದರೆ ನನ್ನ ಮಾತೆಲ್ಲ ಇದರಲ್ಲೇ ಇದೆ. ಅಲ್ಲಿ ಜೌಗು ನೆಲದಲ್ಲಿ ಭತ್ತ ಬೆಳೆಯುವುದು ತಲೆತಲಾಂತರದಿಂದ ಹೆಂಗಸರ ಕೆಲಸ. ಕಡಲೆಕಾಯಿ ಗಂಡಸರದು. 1966ರಿಂದ 1980ರ ನಡುವೆ ತೈವಾನ್, ವಿಶ್ವಬ್ಯಾಂಕ್, ಚೀನಾ ಒಬ್ಬರಾದ ಮೇಲೆ ಒಬ್ಬರು ನೀರಾವರಿ ಭತ್ತದ ಯೋಜನೆ ತಂದರು. ಬೀಜ, ಗೊಬ್ಬರ, ಸಾಲ, ತರಬೇತಿ ಎಲ್ಲಾ ಗಂಡಸರ ಕಡೆಗೇ ಹೋಯಿತು. ಈ ಊರುಗಳಲ್ಲಿ ಭತ್ತ ಬೆಳೆಯುವವರು ಯಾರು ಅಂತ ಮೊದಲೇ ವಿಚಾರಿಸಿದ್ದರೆ ಹೀಗಾಗುತ್ತಿರಲಿಲ್ಲ.

1980ರ ದಶಕದಲ್ಲಿ ಜಹಾಲಿ-ಪಚಾರ್ ಅನ್ನುವ ದೊಡ್ಡ ಯೋಜನೆ ಬಂತು. ಹಿಂದಿನ ತಪ್ಪು ತಿದ್ದಬೇಕು ಅನ್ನುವ ಮನಸ್ಸು ಈ ಸಲ ನಿಜವಾಗಿಯೂ ಇತ್ತು, ಗದ್ದೆಗಳನ್ನು ಹೆಂಗಸರ ಹೆಸರಿಗೇ ನೋಂದಾಯಿಸಿದರು. ಆದರೆ ಅಲ್ಲಿನ ಕುಟುಂಬಗಳಲ್ಲಿ ಜಮೀನು ಎರಡು ಬಗೆ. ಒಂದು ಮನೆಗೆಲ್ಲ ಸೇರಿದ್ದು, ಅದರ ಬೆಳೆ ಯಜಮಾನನ ಹಿಡಿತದಲ್ಲಿ. ಇನ್ನೊಂದು ಹೆಂಗಸು ತನಗಂತ ಬೆಳೆದು, ಮಾರಿ, ದುಡ್ಡು ತಾನೇ ಇಟ್ಟುಕೊಳ್ಳುವ ತುಂಡು. ನೀರು ಬಂದದ್ದೇ ತಡ, ಹೊಸ ಗದ್ದೆಗಳೆಲ್ಲ ಮನೆಯ ಜಮೀನಿಗೆ ಸೇರಿಹೋದವು. ವರ್ಷಕ್ಕೆ ಎರಡು ಬೆಳೆ ಅಂದರೆ ಅವಳಿಗೆ ಎರಡು ಪಟ್ಟು ದುಡಿಮೆ, ಸ್ವಂತದ ತುಂಡೂ ಹೋಯಿತು. ಕೂಲಿ ಕೊಡಿ, ಇಲ್ಲದಿದ್ದರೆ ಗದ್ದೆಗೆ ಇಳಿಯುವುದಿಲ್ಲ ಅಂತ ಎಷ್ಟೋ ಹೆಂಗಸರು ಪಟ್ಟು ಹಿಡಿದರು. ಇಷ್ಟೆಲ್ಲ ಆದರೂ ದಾಖಲೆ ನೋಡಿದವರಿಗೆ ಹೆಸರು ಅವಳದೇ ಕಾಣುತ್ತದೆ!

ಒಪ್ಪಂದಗಳಿಗೆ ಬರ ಇಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ಹೋಗಲಾಡಿಸುವ ಒಪ್ಪಂದ 1979ರದ್ದು. 1995ರಲ್ಲಿ ಬೀಜಿಂಗ್‌ನಲ್ಲಿ 189 ದೇಶಗಳು ಪ್ರತಿ ನೀತಿಯನ್ನೂ ಸಮಾನತೆಯ ಕಣ್ಣಿನಿಂದ ನೋಡುತ್ತೇವೆ ಅಂತ ಒಪ್ಪಿಕೊಂಡವು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಐದನೆಯದೇ ಲಿಂಗ ಸಮಾನತೆ, ಜೊತೆಗೆ ಯಾರನ್ನೂ ಹಿಂದೆ ಬಿಡುವುದಿಲ್ಲ ಅನ್ನುವ ಭರವಸೆ. ಇವೆಲ್ಲ ಬೇಕಿತ್ತು, ಇವುಗಳಿಗಾಗಿ ಹೋರಾಡಿದ ಹೆಂಗಸರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ತೊಂದರೆ ಶುರುವಾಗುವುದು ದುಡ್ಡಿನ ಹತ್ತಿರ. ನೆರವು ಕೊಡುವ ಶ್ರೀಮಂತ ದೇಶಗಳ ಕೂಟ ಒಇಸಿಡಿ ಪ್ರತಿ ಯೋಜನೆಗೂ ಒಂದು ಅಂಕ ಹಾಕಿಸುತ್ತದೆ. ಸಮಾನತೆಯೇ ಮುಖ್ಯ ಗುರಿಯಾದರೆ 2, ಹಲವು ಗುರಿಗಳಲ್ಲಿ ಅದೂ ಒಂದಾದರೆ 1, ಗುರಿಯೇ ಅಲ್ಲದಿದ್ದರೆ 0. ಇತ್ತೀಚಿನ ವರ್ಷಗಳಲ್ಲಿ 1 ಮತ್ತು 2 ಸೇರಿಸಿದರೆ ನೆರವಿನ ಶೇ. 40ಕ್ಕೂ ಹೆಚ್ಚು ಪಾಲು ಕಾಣುತ್ತದೆ. 2 ಮಾತ್ರ ತೆಗೆದುಕೊಂಡರೆ ಸುಮಾರು ಶೇ. 4. ಅಂಕ ಹಾಕುವುದು ದುಡ್ಡು ಕೊಡುವವರೇ. ರಸ್ತೆ ಯೋಜನೆಯ ಕಡತಕ್ಕೆ ಮಹಿಳೆಯರ ಬಗ್ಗೆ ಒಂದು ಪ್ಯಾರಾ ಸೇರಿಸಿ 1 ಪಡೆಯುವುದು ಕಷ್ಟವೇನಲ್ಲ ಅಲ್ವಾ? ಸ್ಥಳದಲ್ಲೇ ಇದ್ದು ಕೆಲಸ ಮಾಡುವ ಮಹಿಳಾ ಹಕ್ಕುಗಳ ಸಂಘಟನೆಗಳಿಗೆ ಸೇರುವುದಂತೂ ಒಟ್ಟು ನೆರವಿನ ಶೇ. 1ಕ್ಕೂ ಕಡಿಮೆ. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಗೊತ್ತಿರುವುದು ಅವರಿಗೇ, ದುಡ್ಡು ಕೊಡುವಾಗ ಅವರೇ ಕೊನೆಗೆ.

ಇನ್ನು ಸಮಯದ ವಿಷಯ. ಅಡುಗೆ, ನೀರು, ಮಕ್ಕಳು, ಹಾಸಿಗೆ ಹಿಡಿದವರ ಆರೈಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ಲೆಕ್ಕದಲ್ಲಿ ಜಗತ್ತಿನಲ್ಲಿ ದಿನಕ್ಕೆ 1,640 ಕೋಟಿ ಗಂಟೆ ಇಂಥ ಸಂಬಳವಿಲ್ಲದ ಕೆಲಸ ನಡೆಯುತ್ತದೆ, ಅದರ ಮುಕ್ಕಾಲು ಪಾಲಿಗೂ ಹೆಚ್ಚು ಹೆಂಗಸರ ಮೇಲೆ. ಇದೇ ಹೊರೆಯಿಂದ 60 ಕೋಟಿಗೂ ಹೆಚ್ಚು ಮಹಿಳೆಯರು ದುಡಿಯಲು ಹೊರಗೆ ಹೋಗಲಾಗದೆ ಉಳಿದಿದ್ದರು. ಇದನ್ನು ಮುಟ್ಟದೆ ಅವಳಿಗೆ ಇನ್ನೊಂದು ತರಬೇತಿ, ಇನ್ನೊಂದು ಸಭೆ, ಇನ್ನೊಂದು ಸಾಲದ ಕಂತು ಕೊಟ್ಟರೆ ಸುಮ್ನೆ ಕೆಲಸ ಜಾಸ್ತಿ ಮಾಡಿದಂತೆ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಯೋಜನೆಯ ಬಜೆಟ್‌ನಲ್ಲೇ ಜಾಗ ಇರಬೇಕು.

ಎಲ್ಲರೂ ಒಳಗೊಳ್ಳಬೇಕು ಅನ್ನುವಾಗ ಅಂಗವಿಕಲರ ಮಾತು ಕೊನೆಯ ಪ್ಯಾರಾಕ್ಕೆ ಹೋಗುವುದೂ ನನಗೆ ಸಹಿಸದು. ಮನೆ ಬಾಗಿಲಲ್ಲಿ ನಿಂತು ನಿಮ್ಮಲ್ಲಿ ಅಂಗವಿಕಲರು ಇದ್ದಾರಾ ಅಂತ ಕೇಳಿದರೆ ಎಷ್ಟೋ ಮನೆಗಳಲ್ಲಿ ಇಲ್ಲ ಅನ್ನುತ್ತಾರೆ, ಅವಮಾನದ ಭಯ. ಅದಕ್ಕೇ ವಾಷಿಂಗ್ಟನ್ ಗ್ರೂಪ್ ಅನ್ನುವ ಅಂಕಿಅಂಶ ತಜ್ಞರ ಕೂಟ ಆರು ಸರಳ ಪ್ರಶ್ನೆ ಮಾಡಿತು. ನೋಡಲು ಕಷ್ಟವಾಗುತ್ತದೆಯೇ, ಕೇಳಿಸಿಕೊಳ್ಳಲು, ನಡೆಯಲು, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ಮಾತು ತಿಳಿಸಲು? ಕಷ್ಟ ಸ್ವಲ್ಪವೂ ಇಲ್ಲ ಅನ್ನುವುದರಿಂದ ಆಗುವುದೇ ಇಲ್ಲ ಅನ್ನುವವರೆಗೆ ನಾಲ್ಕು ಉತ್ತರ. ಹೀಗೆ ಕೇಳಿದರೆ ಮೊದಲು ಲೆಕ್ಕಕ್ಕೇ ಬರದ ಜನ ಕಾಣುತ್ತಾರೆ. ಇದನ್ನು ಮನೆಯ ಯಜಮಾನನ ಹತ್ತಿರ ಕೇಳಿ ಮುಗಿಸದೆ ಒಳಗೆ ಕೂತಿರುವ ಅಜ್ಜಿಯ ಹತ್ತಿರವೂ, ಕಿವಿ ಕೇಳದ ಹುಡುಗಿಯ ಹತ್ತಿರವೂ ಕೇಳಬೇಕು.

ಈಗ ಕಡಿತದ ಕಾಲ. ಬೇರೆ ದೇಶಗಳ ಜೊತೆಗಿನ ವ್ಯವಹಾರದಲ್ಲೂ ಮಹಿಳೆಯರ ಹಕ್ಕನ್ನು ಮುಂದಿಡುವ ಸ್ತ್ರೀವಾದಿ ವಿದೇಶಾಂಗ ನೀತಿ ಅಂತ 2014ರಲ್ಲಿ ಮೊದಲು ಘೋಷಿಸಿದ ಸ್ವೀಡನ್ 2022ರಲ್ಲಿ ಅದನ್ನು ಕೈಬಿಟ್ಟಿತು. 2025ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು, ಬ್ರಿಟನ್ ತನ್ನ ನೆರವನ್ನು 2027ಕ್ಕೆ ರಾಷ್ಟ್ರೀಯ ಆದಾಯದ ಶೇ. 0.3ಕ್ಕೆ ಇಳಿಸುವುದಾಗಿ ಹೇಳಿತು. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಸಮಾನತೆಯೇ ಮುಖ್ಯ ಗುರಿಯಾದ ಆ ಶೇ. 4ರ ಯೋಜನೆಗಳಿಗೆ ಅನ್ನುವುದೇ ನನ್ನ ಭಯ. ಹಾಗಾಗಿ ನೆರವು ಕೊಡುವ ಸರ್ಕಾರಗಳನ್ನು ನಾನು ಕೇಳುವುದು ಇಷ್ಟು: ಯಾವ ಯೋಜನೆ ನಿಲ್ಲಿಸಿದಿರಿ, ಅದಕ್ಕೆ ಎಷ್ಟು ಅಂಕ ಕೊಟ್ಟಿದ್ದಿರಿ, ನಿಂತ ಮೇಲೆ ಆ ಕೆಲಸ ಯಾರ ತಲೆ ಮೇಲೆ ಬಿತ್ತು ಅನ್ನುವುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಉಳಿದ ಯೋಜನೆಗಳಲ್ಲಿ, ಎಲ್ಲ ಮುಗಿದು ಎರಡು ಮೂರು ವರ್ಷ ಆದ ಮೇಲೆ ವಾಪಸ್ ಹೋಗಿ, ಗದ್ದೆಯ ದುಡ್ಡು ಯಾರು ಇಟ್ಟುಕೊಳ್ಳುತ್ತಿದ್ದಾರೆ ಅಂತ ಅಲ್ಲಿ ದುಡಿಯುವ ಹೆಂಗಸನ್ನೇ ಕೇಳಿ ಬರೆದುಕೊಳ್ಳಿ.