ಬಾಯಿ ಮುಚ್ಚಿ, ಸ್ಪೋಕನ್ ಇಂಗ್ಲಿಷ್ ಪರೀಕ್ಷೆ ನಡೀತಿದೆ

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾರೆ. ಪರೀಕ್ಷೆ ಮಾತ್ರ ಬರವಣಿಗೆಯಲ್ಲಿ. ಬ್ಯಾಂಕಿನಲ್ಲಿ ಖಾತೆ ತೆರೆಯುವ ಸಂಭಾಷಣೆ ಬರೆಯಿರಿ, ಐದು ಅಂಕ. ಮ್ಯಾನೇಜರ್ 'ಗುಡ್ ಮಾರ್ನಿಂಗ್' ಅನ್ನುತ್ತಾನೆ, ಹುಡುಗ 'ಗುಡ್ ಮಾರ್ನಿಂಗ್ ಸರ್' ಅನ್ನುತ್ತಾನೆ, ಎಲ್ಲ ಪೇಪರ್ ಮೇಲೆ. ಅದನ್ನೇ ಹಾಲ್‌ನಲ್ಲಿ ಬಾಯಿಬಿಟ್ಟು ಹೇಳಿ ನೋಡಿ, ಸ್ಕ್ವಾಡ್‌ನವರು ಮಾಲ್‌ಪ್ರಾಕ್ಟೀಸ್ ಬರೆದು ಹೊರಗೆ ಕಳಿಸುತ್ತಾರೆ.

ಆ ಸಂಭಾಷಣೆಯಾದರೂ ಹುಡುಗನದ್ದಾ? ಗೈಡಿನದ್ದು. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಸಿಲಬಸ್ ಬದಲಾಯಿತು, 2024ರಲ್ಲಿ ಆ ನೀತಿಯೇ ಬೇಡ ಅಂತ ಮತ್ತೆ ಬದಲಾಯಿತು, ಪಠ್ಯಪುಸ್ತಕ ಕೈಗೆ ಸಿಗುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ, ಗೈಡ್ ಮಾತ್ರ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತದೆ. ಸಿಲಬಸ್ ಮಾಡುವ ಗುತ್ತಿಗೆಯನ್ನೂ ಆ ಅಂಗಡಿಗೇ ಕೊಟ್ಟುಬಿಡಿ, ಕೆಲಸ ಬೇಗ ಆಗುತ್ತದೆ.

1835ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ ಮೆಕಾಲೆ ಸಾಹೇಬರು, ನಮಗೂ ನಾವಾಳುವ ಜನಕ್ಕೂ ನಡುವೆ ದುಭಾಷಿಗಳ ಒಂದು ವರ್ಗ ಬೇಕು ಅಂತ ಬರೆದಿದ್ದರು. ಈಗ ಆ ಕೆಲಸ ಅತಿಥಿ ಉಪನ್ಯಾಸಕರ ಪಾಲಿಗೆ ಬಂದಿದೆ. ತುಂಬಿದ ಕ್ಲಾಸಿನಲ್ಲಿ ಇಂಗ್ಲಿಷ್ ಪದ್ಯವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಾರೆ, ಕೊನೆಗೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಕನ್ನಡ ಮೀಡಿಯಂನಿಂದ ಬಂದ ಹುಡುಗರಿಗೆ ಹಾಗೆ ಹೇಳದಿದ್ದರೆ ಪದ್ಯದ ತಲೆಬುಡ ತಿಳಿಯುವುದಿಲ್ಲ. ಯಾರೋ ಒಬ್ಬಳು ಧೈರ್ಯ ಮಾಡಿ ಎದ್ದು 'ಹೀ ಡೋಂಟ್ ನೋ' ಅಂದರೆ ಸಾಕು, ಹಿಂದಿನ ಬೆಂಚಿನಿಂದ ಕಿಸಕ್ ಅಂತ ನಗು. ನಕ್ಕವನಿಗೂ ಸರಿ ಏನು ಅಂತ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ಅವಳು ಮಾತ್ರ ಡಿಗ್ರಿ ಮುಗಿಯುವ ತನಕ ಮತ್ತೆ ಬಾಯಿ ತೆರೆಯುವುದಿಲ್ಲ.

ಹಾಗಂತ ಸೌಲಭ್ಯ ಇಲ್ಲ ಅನ್ನಬೇಡಿ. ಲ್ಯಾಂಗ್ವೇಜ್ ಲ್ಯಾಬ್ ಇದೆಯಲ್ಲ! ಕಂಪ್ಯೂಟರ್, ಹೆಡ್‌ಫೋನ್, ಬಾಗಿಲಿಗೆ ದಪ್ಪ ಬೀಗ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ದಿನ ಬೀಗ ತೆಗೆದು ಧೂಳು ಹೊಡೆದು, ನೋಡೋಕೆ ಲಕ್ಷಣವಾಗಿರುವ ಹತ್ತು ಜನರನ್ನು ಆರಿಸಿ ಕೂರಿಸುತ್ತಾರೆ. ಹೆಡ್‌ಫೋನಿನ ಪ್ಲಾಸ್ಟಿಕ್ ಕವರ್ ಕೀಳುವ ಹಾಗಿಲ್ಲ, ಆಮೇಲೆ ಸ್ಟಾಕ್ ರಿಜಿಸ್ಟರ್‌ಗೆ ಯಾರು ಉತ್ತರ ಕೊಡುವುದು? ಸುಮ್ನೆ ಕಿವಿಗೆ ಹಾಕಿಕೊಂಡು ತಲೆ ಆಡಿಸಬೇಕು. ಬಂದವರು ಲ್ಯಾಬ್ ಹೇಗಿದೆ ಅಂತ ಕೇಳಿದರೆ ಹತ್ತೂ ಜನ ಒಂದೇ ಉಸಿರಿನಲ್ಲಿ 'ವೆರಿ ಯೂಸ್‌ಫುಲ್ ಸರ್' ಅನ್ನುತ್ತಾರೆ, ಉಚ್ಚಾರಣೆಯಲ್ಲಿ ಒಂದು ತಪ್ಪಿರುವುದಿಲ್ಲ. ಇಲ್ಲಿ ಏನು ಕಲಿತಿರಿ ಅಂತ ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಪ್ರಿನ್ಸಿಪಾಲರು ಮಧ್ಯೆ ಬಂದು, 'ಸರ್, ಟಿಫಿನ್ ಆರಿ ಹೋಗುತ್ತೆ, ಬನ್ನಿ' ಅನ್ನುತ್ತಾರೆ, ಪಾಪ, ಅವರೂ ಗಾಬರಿಯಲ್ಲಿ ಕನ್ನಡದಲ್ಲೇ.