ಎರಡು ಇಡ್ಲಿ ತಿನ್ನಲಿಲ್ಲ

"ಪುಟ್ಟಿ ಎರಡು ಇಡ್ಲಿ ತಿನ್ನಲಿಲ್ಲ" ಅಂದರೆ ತಟ್ಟೆಯ ಗತಿ ಏನು? ಎರಡು ಇಡ್ಲಿ ಹಾಗೇ ಉಳಿದಿವೆ ಅಂತಲೂ ಆಗಬಹುದು. ಎರಡರ ತನಕ ಹೋಗಲಿಲ್ಲ, ಒಂದಕ್ಕೇ ಸಾಕು ಅಂದಳು ಅಂತಲೂ ಆಗಬಹುದು. ದೊಡ್ಡವರಿಗೆ ಎರಡೂ ಹೊಳೆಯುತ್ತವೆ. ಸಮಯಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುತ್ತೇವೆ. ಚಿಕ್ಕ ಮಕ್ಕಳು ಹಾಗಲ್ಲ. ಒಂದನ್ನು ಹಿಡಿದರೆ ಮುಗಿಯಿತು.

ಗಾಂಧಿ ಬಜಾರಿನ ದರ್ಶಿನಿಯೊಂದರಲ್ಲಿ ಪಕ್ಕದ ಮೇಜಿನ ಪುಟ್ಟಿಯ ತಟ್ಟೆಯಲ್ಲಿ ನಾಲ್ಕರಲ್ಲಿ ಎರಡು ಇಡ್ಲಿ ಮಿಕ್ಕಿದ್ದವು. "ಎರಡು ಇಡ್ಲಿ ತಿನ್ಲೇ ಇಲ್ಲ ನೋಡಿ ಇವಳು" ಅಂತ ಅಜ್ಜಿಯ ದೂರು. ಪುಟ್ಟಿ ಚಟ್ನಿ ಬಾಯಲ್ಲೇ ಸಿಡುಕಿದಳು: "ತಿಂದೆ ಅಜ್ಜಿ! ಎರಡು ತಿಂದೆ!" ಅಜ್ಜಿ ತಟ್ಟೆ ತೋರಿಸಿದರು, ಮೊಮ್ಮಗಳು ಹೊಟ್ಟೆ ತೋರಿಸಿದಳು.

ಇದೇ ಜಗಳವನ್ನು ಭಾಷಾವಿಜ್ಞಾನಿಗಳು ಬೇಕೆಂದೇ ಹಚ್ಚಿ ನೋಡಿದ್ದಾರೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಕ್ಕಳ ಜೊತೆ 4 ವರ್ಷದ ಕನ್ನಡದ ಮಕ್ಕಳೂ ಇದ್ದರು. ಮೊದಲು ಆಟಿಕೆಗಳಿಂದ ಕಥೆ ಆಡಿ ತೋರಿಸುವುದು, ಕೊನೆಗೆ ಒಂದು ಗೊಂಬೆ ವಾಕ್ಯ ಹೇಳುವುದು. ಗೊಂಬೆ ಹೇಳಿದ್ದು ಸರಿಯೋ ತಪ್ಪೋ, ತೀರ್ಪು ಮಗುವಿನದು. (ಪರೀಕ್ಷೆ ಅಂತ ಮಗುವಿಗೆ ಗೊತ್ತೇ ಆಗದ ಪರೀಕ್ಷೆ. ಎಲ್‌ಕೆಜಿಗೆ ಸಂದರ್ಶನ ಮಾಡುವವರು ನೋಡಿ ಕಲಿಯಬೇಕು.) ಎರಡು ಉಳಿದಿರುವ ಕಥೆಗೆ ದೊಡ್ಡವರು 'ಸರಿ' ಅಂದರೆ, ಮಕ್ಕಳಲ್ಲಿ ಹೆಚ್ಚಿನವರು ಪುಟ್ಟಿಯ ಪಕ್ಷ, 'ತಪ್ಪು' ಅಂದರು.

ಕನ್ನಡವೇ ಯಾಕೆ ಬೇಕಾಯಿತು ಅನ್ನುವುದರಲ್ಲಿದೆ ಸ್ವಾರಸ್ಯ. ಇಂಗ್ಲಿಷಿನಲ್ಲಿ 'ಇಲ್ಲ' ಎನ್ನುವ ನಿಷೇಧ ಮೊದಲು, ಸಂಖ್ಯೆ ಆಮೇಲೆ. ಹಾಗಾಗಿ ಮಕ್ಕಳು ಕಿವಿಗೆ ಬಿದ್ದ ಕ್ರಮದಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನಮ್ಮಲ್ಲಿ 'ಎರಡು' ಮೊದಲೇ ಬಂದು ಕೂತಿರುತ್ತದೆ, 'ಇಲ್ಲ' ಕಟ್ಟಕಡೆಗೆ ಬರುತ್ತದೆ. ಕ್ರಮವೇ ಕಾರಣವಾಗಿದ್ದರೆ ಕನ್ನಡದ ಮಕ್ಕಳು ಉಲ್ಟಾ ಹೇಳಬೇಕಿತ್ತು. ಹೇಳಲಿಲ್ಲ! ಕೊನೆಯಲ್ಲಿ ಬಂದರೂ 'ಇಲ್ಲ' ಎಂಬುದು ಹಿಂದಿನ ಇಡ್ಲಿ, ತಿನ್ನುವಿಕೆ ಎಲ್ಲವನ್ನೂ ತನ್ನ ತೆಕ್ಕೆಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಅವು ಹಿಡಿದಿದ್ದವು. ಸ್ಲೇಟಿನ ಮೇಲೆ ಅಕ್ಷರ ತಿದ್ದುವ ವಯಸ್ಸಿಗೇ ವಾಕ್ಯದ ಒಳಕಟ್ಟು ಗೊತ್ತು.

ಎರಡು ಉಳಿದಿವೆ ಅನ್ನುವ ಇನ್ನೊಂದು ಅರ್ಥ ಅವಕ್ಕೆ ಎಟುಕುವುದೇ ಇಲ್ಲವೆಂದಲ್ಲ. ಇಂಥದೇ ಬೇರೆ ವಾಕ್ಯಗಳ ಮೇಲೆ ಆಮೇಲೆ ನಡೆದ ಪ್ರಯೋಗಗಳಲ್ಲಿ, ಸಂದರ್ಭವನ್ನು ಸರಿಯಾಗಿ ಹೊಂದಿಸಿಕೊಟ್ಟಾಗ 5ರ ಆಸುಪಾಸಿನ ಮಕ್ಕಳೂ ಆ ಅರ್ಥವನ್ನು ಹೆಚ್ಚಾಗಿಯೇ ಒಪ್ಪಿದ್ದಾರೆ. ಎರಡೂ ಬಲ್ಲ ನಾವೇನು ಮಹಾ? ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ "ಎಲ್ಲರೂ ಮೇಂಟೆನೆನ್ಸ್ ಕಟ್ಟಿಲ್ಲ" ಅಂತ ಹಾಕಲಿ, ಕಟ್ಟಿದವರೇ ಮೊದಲು ರಸೀದಿ ಹಿಡಿದು ಜಗಳಕ್ಕೆ ಬರುತ್ತಾರೆ.